ರೂಪಾಯಿಗಿರುವ ‘ಮಾತ್ರ’ ಎಕರೆಗೂ ಇರಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳ ದಸ್ತಾವೇಜು ಬರಹಗಾರರಿಗೆ ನೀಲಗುಂದದಿಂದ ಬಹಿರಂಗ ಪತ್ರ



ನೀವು ಬರೆಯುವ ಯಾವ ಕ್ರಯಪತ್ರವನ್ನಾದರೂ ತೆಗೆದು ನೋಡಿ. ಹಣದ ಸಾಲಿನಲ್ಲಿ ‘ರೂ. 12,50,000’ ಎಂದು ಅಂಕಿಯಲ್ಲಿ ಬರೆದು ನೀವು ಅಲ್ಲಿಗೇ ನಿಲ್ಲಿಸುವುದಿಲ್ಲ. ಪಕ್ಕದಲ್ಲೇ ‘ಹನ್ನೆರಡು ಲಕ್ಷ ಐವತ್ತು ಸಾವಿರ ರೂಪಾಯಿಗಳು ಮಾತ್ರ’ ಎಂದು ಅಕ್ಷರದಲ್ಲೂ ಬರೆಯುತ್ತೀರಿ. ಆ ‘ಮಾತ್ರ’ ಎಂಬುದು ಬಾಗಿಲಿಗೆ ಹಾಕಿದ ಅಗುಳಿ. ಅದರಾಚೆ ಒಂದು ಸೊನ್ನೆಯೂ ನುಸುಳುವಂತಿಲ್ಲ. ಅಲ್ಪವಿರಾಮ ತಪ್ಪಿದ ಜಾಗದಲ್ಲಿ ಬಿದ್ದರೂ, ಕಂಪ್ಯೂಟರು ಇಂಗ್ಲಿಷರ ರೂಢಿಯಂತೆ ಅದನ್ನೇ 1,250,000 ಎಂದು ಮುದ್ರಿಸಿದರೂ ಅಕ್ಷರ ಕಾಯುತ್ತದೆ. ಚೆಕ್ಕಿನ ವಿಷಯದಲ್ಲಂತೂ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯೇ ಈ ಮಾತು ಹೇಳುತ್ತದೆ: ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರವೇ ಲೆಕ್ಕ. ಅದೇ ಪತ್ರದಲ್ಲಿ ಕೆಳಗಿಳಿದು ಷೆಡ್ಯೂಲಿಗೆ ಬಂದಾಗ ಮಾತ್ರ ಈ ಎಚ್ಚರ ಸಡಿಲವಾಗುತ್ತದೆ. ‘ವಿಸ್ತೀರ್ಣ 2.20 ಎಕರೆ’ ಎಂದು ಬರೆದು ಮುಂದಕ್ಕೆ ಹೋಗುವ ಪತ್ರಗಳಿಗೆ ಲೆಕ್ಕವಿಲ್ಲ. ಹಾಗೆ ಬರೆಯದವರೂ ನಿಮ್ಮಲ್ಲಿದ್ದಾರೆ, ಅವರಿಗೆ ಈ ಪತ್ರ ಬೇಡ. ಉಳಿದವರೊಂದಿಗೆ ಆ ಒಂದು ಚುಕ್ಕೆಯ ಬಗ್ಗೆ ಮಾತಾಡಬೇಕಾಗಿದೆ.

ಆ ಚುಕ್ಕೆಯ ಬಲಗಡೆ ಇರುವ ಇಪ್ಪತ್ತು ಯಾವುದರ ಇಪ್ಪತ್ತು? ಹರಪನಹಳ್ಳಿಯವರು ಓದಿದರೆ ಅದು ಇಪ್ಪತ್ತು ಸೆಂಟ್ಸ್. ದಾವಣಗೆರೆಯವರು ಓದಿದರೆ ಇಪ್ಪತ್ತು ಗುಂಟೆ. ಎಕರೆಗೆ ನೂರು ಸೆಂಟ್ಸ್, ನಲವತ್ತು ಗುಂಟೆ. ಎಂದರೆ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಮೊದಲನೆಯವರ ಕಣ್ಣಿಗೆ ಹೊಲ ಎರಡು ಎಕರೆ ಎಂಟು ಗುಂಟೆ, ಎರಡನೆಯವರ ಕಣ್ಣಿಗೆ ಎರಡೂವರೆ ಎಕರೆ. ನಡುವಿನ ಅಂತರ ಮೂವತ್ತು ಸೆಂಟ್ಸ್, ಅಂದರೆ 13,068 ಚದರಡಿ. ಮೂವತ್ತು ನಲವತ್ತರ ನಿವೇಶನಗಳ ಲೆಕ್ಕದಲ್ಲಿ ಸುಮಾರು ಹನ್ನೊಂದು. ಇಷ್ಟು ನೆಲ ಇರುವುದೂ ಇಲ್ಲದಿರುವುದೂ ಓದುವವನು ಯಾವ ಊರಿನವನು ಎಂಬುದರ ಮೇಲೆ ನಿಂತಿದೆ. ಇದರಲ್ಲಿ ಯಾರ ಮೋಸವೂ ಇಲ್ಲ. ಇಬ್ಬರ ಓದೂ ಅವರವರ ಊರಿನಲ್ಲಿ ಸರಿ.

ಈ ಎರಡು ಓದು ಎಲ್ಲಿಂದ ಬಂದವು ಎಂಬುದು ತಿಳಿದರೆ ಯಾರನ್ನೂ ದೂರುವ ಮನಸ್ಸಾಗದು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸು ಆಡಳಿತದಲ್ಲಿತ್ತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಿ ನಮ್ಮ ಕಡೆಯ ತಾಲೂಕುಗಳು ಮೈಸೂರಿಗೆ ಸೇರಿದ್ದು ಆ ದಿನ. ಮದ್ರಾಸಿನ ಸರ್ವೆಯವರು ಹೊಲ ಅಳೆದದ್ದು ಎಡ್ಮಂಡ್ ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞ 1620ರ ಸುಮಾರಿಗೆ ರೂಪಿಸಿದ ಸರಪಳಿಯಿಂದ. ಅದರ ಉದ್ದ 66 ಅಡಿ, ಕೊಂಡಿಗಳು ನೂರು. ಹತ್ತು ಚದರ ಸರಪಳಿಗೆ ಒಂದು ಎಕರೆ, ಸಾವಿರ ಚದರ ಕೊಂಡಿಗೆ ಒಂದು ಸೆಂಟ್. ಎಲ್ಲವೂ ಹತ್ತರ ಲೆಕ್ಕ. ಆದ್ದರಿಂದ ಚುಕ್ಕೆ ಹಾಕಿ ಬರೆದರೆ ಅದು ನಿಜವಾಗಿಯೂ ದಶಮಾಂಶವೇ. ಮುಂಬಯಿಯವರ ಸರಪಳಿ ಬೇರೆ: 33 ಅಡಿ, ಅದರಲ್ಲಿ ಹದಿನಾರು ಆಣೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕಕ್ಕೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ, ಗುಂಟೆಗೆ ಮತ್ತೆ ಹದಿನಾರು ಆಣೆ. ಮೈಸೂರು ಸಂಸ್ಥಾನ 1863ರಲ್ಲಿ ಕಂದಾಯ ಸರ್ವೆ ಆರಂಭಿಸಿದಾಗ ಹಿಡಿದದ್ದು ಈ ಮುಂಬಯಿ ಪದ್ಧತಿಯನ್ನೇ. ರೂಪಾಯಿಯಿಂದ ಆಣೆ ಹೋದದ್ದು 1957ರ ಏಪ್ರಿಲ್ 1ರಂದು. ಹೊಲದ ಲೆಕ್ಕದಲ್ಲಿ ಆಣೆ ಇನ್ನೂ ಉಳಿದಿದೆ, ಯಾರೂ ಹೋಗು ಎಂದಿಲ್ಲ.

ಭೂಪಟ ಬಿಡಿಸಿ ನೋಡಿದರೆ ನಮ್ಮ ಐದು ತಾಲೂಕುಗಳ ಪಾಡು ಇನ್ನೂ ಸ್ಪಷ್ಟ. ತೆಂಕಲಿಗೆ ಜಗಳೂರು, ಚಿತ್ರದುರ್ಗದ ಕಡೆ ಹಳೆಯ ಮೈಸೂರು, ಅಲ್ಲಿ ಗುಂಟೆ. ಪಡುವಲಿಗೆ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು, ಮುಂಡರಗಿ. ಅದು ಹಳೆಯ ಮುಂಬಯಿ ಸೀಮೆ, ಅಲ್ಲೂ ಗುಂಟೆ. ಬಡಗಲಿಗೆ ಹೊಳೆಯಾಚೆ ಕೊಪ್ಪಳ, ನಿಜಾಮರ ಸೀಮೆ, ಮತ್ತೆ ಗುಂಟೆ. ಬಳ್ಳಾರಿ, ರಾಯದುರ್ಗದ ಕಡೆಗೆ ಮಾತ್ರ ಸೆಂಟ್ಸಿನ ದಾರಿ ಮುಂದುವರಿಯುತ್ತದೆ. ನಾವು ಮೂರು ಕಡೆ ಗುಂಟೆಯಿಂದ ಸುತ್ತುವರಿದ ಸೆಂಟ್ಸಿನ ಜನ. ಹರಪನಹಳ್ಳಿಯದಂತೂ ಇನ್ನೊಂದು ಕತೆ: 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಜಿಲ್ಲಾ ಕಚೇರಿ ಮೂರು ಊರು ಸುತ್ತಿತು, ಸರ್ವೆ ಕಲ್ಲು ಇದ್ದಲ್ಲೇ ಇತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸೆಂಟ್ಸಿನಲ್ಲಿ ಅಳೆದ ಹೊಲಗಳ ಕಾಗದ ಗುಂಟೆಯಲ್ಲಿ ಯೋಚಿಸುವ ಜಿಲ್ಲೆಯ ಮೇಜುಗಳ ಮೇಲೆ ಓಡಾಡಿತು. ಇಂಥ ಸೀಮೆಯಲ್ಲಿ ಹೆಸರಿಲ್ಲದ ಚುಕ್ಕೆಯನ್ನು ನಂಬುವುದು ಹೇಗೆ?

‘ಚುಕ್ಕೆಯಾಚೆ ನಲವತ್ತು ದಾಟಿದ್ದರೆ ಅದು ಗುಂಟೆಯಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ’ ಎನ್ನುವವರಿದ್ದಾರೆ. ನಿಜ. 2.75 ಎಂದಿದ್ದರೆ ಅನುಮಾನವಿಲ್ಲ. ಆದರೆ ಒಂದರಿಂದ ತೊಂಬತ್ತೊಂಬತ್ತರವರೆಗಿನ ಅಂಕಿಗಳಲ್ಲಿ ಮೊದಲ ಮೂವತ್ತೊಂಬತ್ತು ಸೆಂಟ್ಸೂ ಆಗಬಲ್ಲವು, ಗುಂಟೆಯೂ ಆಗಬಲ್ಲವು. ಐದರಲ್ಲಿ ಸುಮಾರು ಎರಡು ಪಾಲು ಅನುಮಾನದ್ದು ಎಂದಾಯಿತು. ಅನುಮಾನ ಇಲ್ಲದ ಅಂಕಿಯೂ ಕೆಲವೊಮ್ಮೆ ಅಪಾಯಕಾರಿ. ಎರಡು ತುಂಡು ಹೊಲವಿರುವ ಪಾಲುಪಟ್ಟಿಯನ್ನು ನೆನೆದುಕೊಳ್ಳಿ: ಒಂದು 2.30, ಇನ್ನೊಂದು 1.25. ಸೆಂಟ್ಸಿನಲ್ಲಿ ಕೂಡಿದರೆ 3.55, ಅದೇ ಸರಿ. ಗುಂಟೆಯ ಅಭ್ಯಾಸದವರ ಕೈಗೆ ಈ ಹಾಳೆ ಹೋದರೆ ‘ಐವತ್ತೈದು ಗುಂಟೆ ಎಲ್ಲಾದರೂ ಉಂಟೆ? ಕೂಡಿಸಿದವನಿಗೆ ಲೆಕ್ಕ ಬರುವುದಿಲ್ಲ’ ಎಂದು ನಲವತ್ತು ಕಳೆದು ಎಕರೆಗೆ ಒಂದು ಸೇರಿಸಿ 4.15 ಎಂದು ತಿದ್ದುತ್ತಾರೆ. ತಿದ್ದಿದ ಹಾಳೆ ಹರಪನಹಳ್ಳಿಗೆ ಮರಳಿ ಬಂದಾಗ ಅದು ನಾಲ್ಕು ಎಕರೆ ಹದಿನೈದು ಸೆಂಟ್ಸ್! ಅರವತ್ತು ಸೆಂಟ್ಸ್ ನೆಲ ಕಾಗದದ ಮೇಲೆ ಹುಟ್ಟಿಬಿಟ್ಟಿತು. ಅಜಾಗರೂಕತೆಯಿಂದ ಹುಟ್ಟಿದ್ದಲ್ಲ, ಸರಿಮಾಡಬೇಕೆಂಬ ಕಾಳಜಿಯಿಂದ ಹುಟ್ಟಿದ್ದು. ಇದಕ್ಕಿಂತ ಹಿಡಿಯಲು ಕಷ್ಟವಾದ ತಪ್ಪು ಇನ್ನೊಂದಿಲ್ಲ. ಕ್ರಿಕೆಟ್ ನೋಡುವ ಹುಡುಗನಿಗೂ 19.3 ಓವರ್ ಅಂದರೆ ಹತ್ತೊಂಬತ್ತು ಓವರ್ ಮೂರು ಚೆಂಡು, ಚುಕ್ಕೆ ಇದ್ದರೂ ಅದು ದಶಮಾಂಶವಲ್ಲ ಎಂದು ಗೊತ್ತು. ಆದರೆ ಅವನಿಗೆ ಎಲ್ಲಾ ದೇಶದಲ್ಲೂ ಓವರಿಗೆ ಆರೇ ಚೆಂಡು. ನಮಗೆ ಹೊಳೆ ದಾಟಿದರೆ ಚೆಂಡಿನ ಸಂಖ್ಯೆಯೇ ಬದಲು.

ನಿಮ್ಮಲ್ಲಿ ಅನುಭವಸ್ಥರು ಹೇಳುವ ಮುಖ್ಯ ಮಾತು ಬೇರೆ: ‘ನಮ್ಮ ತಾಲೂಕಿನಲ್ಲಿ ಸೆಂಟ್ಸ್ ಎಂದು ಎಲ್ಲರಿಗೂ ಗೊತ್ತು, ಗೊತ್ತಿರುವುದನ್ನು ಬರೆಯುವುದೇಕೆ?’ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು, ಏಕೆಂದರೆ ಇವತ್ತಿನ ಮಟ್ಟಿಗೆ ಅದು ನಿಜ. ಇದಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಸೀಮೆಗೆ ಕೋಗಳಿ ಐನೂರು ಎಂದು ಹೆಸರು. ಆ ಕೋಗಳಿ ಇಂದಿಗೂ ಹಗರಿಬೊಮ್ಮನಹಳ್ಳಿ ತಾಲೂಕಿನಲ್ಲಿದೆ. ಅದರಂತೆಯೇ ನೊಳಂಬವಾಡಿ ಮೂವತ್ತೆರಡು ಸಾವಿರ, ಬನವಾಸಿ ಹನ್ನೆರಡು ಸಾವಿರ, ಗಂಗವಾಡಿ ತೊಂಬತ್ತಾರು ಸಾವಿರ. ಏನು ಐನೂರು? ಏನು ತೊಂಬತ್ತಾರು ಸಾವಿರ? ಊರುಗಳ ಸಂಖ್ಯೆಯೋ, ತೆರಿಗೆಯ ಹುಟ್ಟುವಳಿಯೋ, ಇನ್ನೇನೋ ಎಂದು ವಿದ್ವಾಂಸರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ವಾದಿಸುತ್ತಿದ್ದಾರೆ, ಒಮ್ಮತಕ್ಕೆ ಬಂದಿಲ್ಲ. ಆ ಅಂಕಿಗಳನ್ನು ಕಲ್ಲಿನಲ್ಲಿ ಕೊರೆದವರು ದಡ್ಡರಾಗಿರಲಿಲ್ಲ. ಐನೂರು ಅಂದರೆ ಏನೆಂದು ಅಂದಿನ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ಕಲ್ಲು ಉಳಿಯಿತು, ಅಂಕಿ ಉಳಿಯಿತು, ಎಲ್ಲರಿಗೂ ಗೊತ್ತಿದ್ದ ಸಂಗತಿ ಅವರೊಂದಿಗೇ ಹೋಯಿತು.

ಅದೇ ಶಾಸನ ಬರೆದವರು ದಾನದ ಭೂಮಿಗೆ ಬಂದಾಗ ಹೇಗೆ ನಡೆದುಕೊಂಡರು ನೋಡಿ. ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಬರೆದು ಸುಮ್ಮನಾಗದೆ, ಯಾವ ಗಳೆಯಿಂದ, ಅಂದರೆ ಯಾವ ಅಳತೆಗೋಲಿನಿಂದ, ಅಳೆದದ್ದು ಎಂಬುದನ್ನೂ ಅನೇಕ ಕಡೆ ಹೆಸರಿಸಿದರು. ಗಳೆ ಊರಿಂದೂರಿಗೆ ಬೇರೆ ಎಂಬುದು ಅವರಿಗೆ ಗೊತ್ತಿತ್ತು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬದ ಹೆಸರಿನ ಭೇರುಂಡ ಗಳೆ ಶಾಸನಗಳಲ್ಲಿ ಬರುತ್ತದೆ. ಗಣಿತ ಗ್ರಂಥ ಬರೆದವರ ಕ್ರಮವೂ ಹಾಗೆಯೇ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಕೂಡಿ ಕಳೆಯುವುದಕ್ಕೆ ಮೊದಲು ಪರಿಭಾಷೆಯ ಅಧ್ಯಾಯವನ್ನೇ ಇಟ್ಟ. ನೆಲ, ಕಾಲ, ಧಾನ್ಯ, ಚಿನ್ನದ ಅಳತೆಗಳೆಲ್ಲ ಅಲ್ಲಿ ಇತ್ಯರ್ಥವಾದ ಮೇಲೆಯೇ ಲೆಕ್ಕ ಶುರು. ನಮ್ಮ ನೀಲಗುಂದದಲ್ಲೇ ದೊರೆತ ಆರನೆಯ ವಿಕ್ರಮಾದಿತ್ಯನ ತಾಮ್ರಶಾಸನ ಚರಿತ್ರೆ ಓದುವವರಿಗೆ ಪರಿಚಿತ. ತಾಮ್ರವೂ ಕಲ್ಲೂ ಶಾಶ್ವತ ಎಂದು ನಂಬಿದವರೇ ಗಳೆಯ ಹೆಸರು ಬರೆದರು. ನಾವು ಛಾಪಾ ಕಾಗದದ ಮೇಲೆ ಬರೆದು ಸೆಂಟ್ಸಿನ ಹೆಸರು ಬಿಡುತ್ತಿದ್ದೇವೆ.

ಕಾನೂನು ಬಲ್ಲವರು ಇನ್ನೊಂದು ಸಮಾಧಾನ ಹೇಳುತ್ತಾರೆ: ವಿಸ್ತೀರ್ಣ ಹೆಚ್ಚುಕಡಿಮೆಯಾದರೆ ಏನಂತೆ, ಚಕ್ಕುಬಂದಿ ಇದೆಯಲ್ಲ! ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ ಎಂಬುದು ಬರೆದಿದ್ದರೆ ನ್ಯಾಯಾಲಯ ಸಾಮಾನ್ಯವಾಗಿ ಅದಕ್ಕೇ ಹೆಚ್ಚಿನ ಬೆಲೆ ಕೊಡುತ್ತದೆ. ಸರಿಯೇ. ಆದರೆ ಎಲ್ಲ ಕಾಗದವೂ ನ್ಯಾಯಾಲಯಕ್ಕೆ ಹೋಗುವುದಿಲ್ಲ, ಹೋಗಲೂಬಾರದು. ಮುದ್ರಾಂಕ ಶುಲ್ಕ, ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ ಇವು ಯಾವುವೂ ಚಕ್ಕುಬಂದಿ ಕೇಳುವುದಿಲ್ಲ, ವಿಸ್ತೀರ್ಣ ಕೇಳುತ್ತವೆ. ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ನಮ್ಮ 2.20 ಎಕರೆ ಸೆಂಟ್ಸಿನ ಓದಿನಲ್ಲಿ 0.89 ಹೆಕ್ಟೇರು, ಪರಿಹಾರ ಸುಮಾರು 7,570 ರೂಪಾಯಿ. ಗುಂಟೆಯ ಓದಿನಲ್ಲಿ 1.01 ಹೆಕ್ಟೇರು, ಸುಮಾರು 8,600. ಸಾವಿರ ರೂಪಾಯಿಯ ವ್ಯತ್ಯಾಸ ದೊಡ್ಡದಲ್ಲ ಎನ್ನುವವರು ಇನ್ನೊಂದನ್ನು ಗಮನಿಸಬೇಕು. ಒಂದು ಹೆಕ್ಟೇರಿನವರೆಗೆ ಅತಿ ಸಣ್ಣ ರೈತ, ಅದನ್ನು ದಾಟಿದರೆ ಸಣ್ಣ ರೈತ. ಒಂದೇ ಹೊಲ, ಒಬ್ಬನೇ ರೈತ. ಚುಕ್ಕೆಯನ್ನು ಓದಿದ ಬಗೆಯಿಂದ ಗೆರೆಯ ಈಚೆಯವನು ಆಚೆಯವನಾಗುತ್ತಾನೆ.

ಹೆಕ್ಟೇರಿನ ಹೆಸರು ಬಂದಾಗ ‘ಹಾಗಾದರೆ ಎಲ್ಲರೂ ಹೆಕ್ಟೇರಿಗೇ ಬದಲಾಗಲಿ, ಗುಂಟೆಯೂ ಬೇಡ ಸೆಂಟ್ಸೂ ಬೇಡ’ ಎಂಬ ಸಲಹೆ ಏಳುವುದು ಸಹಜ. ತರ್ಕಕ್ಕೆ ಅದು ಚಂದ. ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾ ಉತಾರದಲ್ಲಿ ಹೆಕ್ಟೇರ್ ಮತ್ತು ಅದರ ನೂರನೇ ಒಂದು ಪಾಲಾದ ಆರ್ ನಡೆಯುತ್ತಿದೆ. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರು ಅದರಲ್ಲೇ ವ್ಯವಹರಿಸುತ್ತಾರೆ. ಆದರೆ ನಮ್ಮಲ್ಲಿ ಅದನ್ನು ತಂದರೆ ಎರಡು ಓದು ಮೂರಾಗುತ್ತವೆ, ಅಷ್ಟೇ. ‘1.20’ ಎಂದರೆ ಒಂದು ಎಕರೆ ಇಪ್ಪತ್ತು ಸೆಂಟ್ಸೋ, ಒಂದೂವರೆ ಎಕರೆಯೋ, ಹೆಚ್ಚುಕಡಿಮೆ ಮೂರು ಎಕರೆಯಾಗುವ ಒಂದು ಹೆಕ್ಟೇರು ಇಪ್ಪತ್ತು ಆರ್ ಅಳತೆಯೋ? ಅಲ್ಲದೆ ನಮ್ಮ ಮೂಲ ಸರ್ವೆ ದಾಖಲೆ ಇರುವುದು ಎಕರೆ ಸೆಂಟ್ಸಿನಲ್ಲಿ. ಪ್ರತಿ ಪರಿವರ್ತನೆಯಲ್ಲೂ ಕೊನೆಯ ಅಂಕಿ ಅಷ್ಟಿಷ್ಟು ಸವೆಯುತ್ತದೆ. ‘ಹೆಕ್ಟೇರ್ ಅಂದರೆ ಎರಡೂವರೆ ಎಕರೆ’ ಎಂಬ ಬಾಯಿಲೆಕ್ಕದಲ್ಲೇ ಮೂರು ಸೆಂಟ್ಸ್ ಹಾರಿಹೋಗಿದೆ, ನಿಜವಾದ ಲೆಕ್ಕ ಎರಡು ಎಕರೆ ನಲವತ್ತೇಳು ಸೆಂಟ್ಸ್. ಎರಡು ಹೆಕ್ಟೇರಿನ ಮಿತಿ 4 ಎಕರೆ 94 ಸೆಂಟ್ಸ್. ಗುಂಟೆಯವರು ಅದನ್ನೇ 4.38 ಎಂದು ಬರೆಯುತ್ತಾರೆ. ಆ 4.38 ನಮ್ಮ ಕಡೆ ಬಂದರೆ ಮಿತಿಯೇ ಅರ್ಧ ಎಕರೆಗಿಂತ ಹೆಚ್ಚು ಕುಗ್ಗಿದಂತೆ. ಇಷ್ಟಕ್ಕೂ ಅಳತೆಯನ್ನು ಬದಲಿಸುವುದು ಸರ್ಕಾರದ ಕೆಲಸ, ನಿಮ್ಮದಲ್ಲ. ನಿಮ್ಮ ಕೈಲಿರುವುದು ಹೆಸರು.

ಉಳಿದದ್ದು ಕಂಪ್ಯೂಟರು. ‘ಈಗ ಎಲ್ಲ ಗಣಕೀಕೃತ, ಅದೇ ನೋಡಿಕೊಳ್ಳುತ್ತದೆ’ ಎಂಬ ಮಾತು ಹೆಚ್ಚು ಕೇಳಿಬರುವುದರಿಂದ ಇದರ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಎಕ್ಸೆಲ್ ಹಾಳೆಯ ಮನೆಯೊಂದರಲ್ಲಿ 2.20 ಎಂದು ಒತ್ತಿ ನೋಡಿ. ಎಂಟರ್ ಒತ್ತಿದ ಕೂಡಲೇ ಅದು 2.2 ಆಗುತ್ತದೆ. ಯಂತ್ರದ ದೃಷ್ಟಿಯಲ್ಲಿ ಕೊನೆಯ ಸೊನ್ನೆಗೆ ಬೆಲೆಯಿಲ್ಲ, ದಶಮಾಂಶದ ನಿಯಮ ಅದೇ. ಆ ಹಾಳೆಯ ಪ್ರಿಂಟು ತೆಗೆದರೆ ಓದುವವರಿಗೆ ಕಾಣುವುದು ಎರಡು ಎಕರೆ ಎರಡು. ಎರಡು ಸೆಂಟ್ಸೋ ಎರಡು ಗುಂಟೆಯೋ ಎಂಬ ಹಳೆಯ ಜಗಳಕ್ಕೆ, ಇಪ್ಪತ್ತೋ ಎರಡೋ ಎಂಬ ಹೊಸದೊಂದು ಸೇರಿತು. ಹಾಳೆಯ ತಳದಲ್ಲಿ ಮೊತ್ತ ಕೇಳಿದರೆ ಗುಂಟೆಯ ಅಂಕಿಗಳನ್ನೂ ಅದು ನೂರರ ಲೆಕ್ಕದಲ್ಲಿ ಕೂಡಿ, ನಾಚಿಕೆಯಿಲ್ಲದೆ ಐವತ್ತೈದು ಗುಂಟೆ ತೋರಿಸುತ್ತದೆ. ಯಂತ್ರದ ತಪ್ಪೇನಿಲ್ಲ. ಚುಕ್ಕೆಯೆಂದರೆ ಏನೆಂದು ಜಗತ್ತೇ ಒಂದು ಮಾತಿಗೆ ಬಂದಿಲ್ಲ. ಜರ್ಮನಿಯಲ್ಲಿ ನೆಲೆಸಿದ ಕನ್ನಡಿಗನಿಗೆ 2.200 ಎಂದರೆ ಎರಡು ಸಾವಿರದ ಇನ್ನೂರು, ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ. ಅಳತೆ ತೂಕಗಳ ಅಂತರರಾಷ್ಟ್ರೀಯ ಸಮ್ಮೇಳನ 2003ರಲ್ಲಿ ಕೂತು ಯೋಚಿಸಿ ಕೊನೆಗೆ ಹೇಳಿದ್ದು ಇಷ್ಟೇ: ದಶಮಾಂಶಕ್ಕೆ ಚುಕ್ಕೆಯೂ ಆಗಬಹುದು, ಅಲ್ಪವಿರಾಮವೂ ಆಗಬಹುದು, ಸಾವಿರ ಬಿಡಿಸಲು ಮಾತ್ರ ಇವೆರಡನ್ನೂ ಬಳಸಬೇಡಿ. ನಮ್ಮ ಹಿರಿಯರು ಆಣೆ ಪೈಗಳ ಕಾಲದಲ್ಲಿ ಎರಡು ರೂಪಾಯಿ ಎಂಟಾಣೆಯನ್ನು 2-8-0 ಎಂದು ಅಡ್ಡಗೆರೆ ಹಾಕಿ ಬರೆಯುತ್ತಿದ್ದರು. ಹದಿನಾರರ ಲೆಕ್ಕಕ್ಕೆ ಹತ್ತರ ಚುಕ್ಕೆ ಸಲ್ಲದು ಎಂಬ ತಿಳಿವು ಆ ಅಡ್ಡಗೆರೆಯಲ್ಲಿತ್ತು. ಗುಂಟೆಗೆ ಚುಕ್ಕೆ ಹಾಕಿದವರು ಯಾರೋ, ಅವರಿಂದ ತೊಂದರೆ ಶುರುವಾಯಿತು ಎನ್ನಬೇಕು. ಮದ್ರಾಸಿನ ಸೆಂಟ್ಸಿಗೆ ಚುಕ್ಕೆಯ ಹಕ್ಕಿದೆ, ಒಪ್ಪುತ್ತೇನೆ. ಆದರೆ ಪಕ್ಕದವರೂ ಅದನ್ನೇ ಬೇರೆ ಅರ್ಥಕ್ಕೆ ಬಳಸುತ್ತಿರುವಾಗ ಹಕ್ಕು ಸಾಧಿಸುತ್ತ ಕೂರುವುದರಿಂದ ಹೊಲದ ಯಜಮಾನನಿಗೆ ಲಾಭವಿಲ್ಲ.

ಬಾಯಿಮಾತಿನಲ್ಲಿ ಈ ಗೊಂದಲ ಇಲ್ಲವೇ ಇಲ್ಲ ಎಂಬುದನ್ನೂ ಗಮನಿಸಿ. ‘ಎರಡೂಕಾಲು ಎಕರೆ’, ‘ಮುಕ್ಕಾಲು ಎಕರೆ’ ಎಂದು ಕೊಟ್ಟೂರಿನವರು ಹೇಳಿದರೂ ದಾವಣಗೆರೆಯವರು ಹೇಳಿದರೂ ನೆಲ ಅಷ್ಟೇ. ಕಾಲು ಎಕರೆ ಇವರಿಗೆ ಇಪ್ಪತ್ತೈದು ಸೆಂಟ್ಸ್, ಅವರಿಗೆ ಹತ್ತು ಗುಂಟೆ, ಆದರೆ ಕಾಲು ಕಾಲೇ. ಮಾತು ಕಾಯ್ದುಕೊಂಡದ್ದನ್ನು ಬರಹ ಕಳೆಯುತ್ತಿದೆ. ಬರಹದ ಕಸುಬು ನಿಮ್ಮದು. ಓದಲು ಬಾರದವರು ನಿಮ್ಮ ಅಕ್ಷರ ನಂಬಿ ಹೆಬ್ಬೆಟ್ಟು ಒತ್ತಿದ್ದಾರೆ. ಅದಕ್ಕೇ ಈ ಪತ್ರ ಜಿಲ್ಲಾಧಿಕಾರಿಗೂ ಅಲ್ಲ, ಮಂತ್ರಿಗೂ ಅಲ್ಲ, ನಿಮಗೆ.

ಒಂದು ಎಚ್ಚರಿಕೆ ಕೇಳಿಕೊಳ್ಳಬೇಕು. ಹಳೆಯ ಪತ್ರದಲ್ಲಿ ಬರಿದೇ 2.20 ಎಂದಿದ್ದರೆ, ಹೊಸ ಪತ್ರ ಬರೆಯುವಾಗ ಊಹೆಯಿಂದ ಹೆಸರು ಸೇರಿಸಬೇಡಿ. ಸರ್ವೆ ನಂಬರಿನ ಮೂಲ ದಾಖಲೆ ತರಿಸಿ, ಅಲ್ಲಿರುವ ಅಳತೆ ನೋಡಿ, ಆಮೇಲೆ ಬರೆಯಿರಿ. ಕೊಳ್ಳುವವರು ಗುಂಟೆಯ ಸೀಮೆಯವರಾದರೆ ಮೂಲ ಅಳತೆಯನ್ನು ಮೊದಲು ಇಟ್ಟು ಪರಿವರ್ತನೆಯನ್ನು ‘ಅಂದರೆ’ ಎಂದು ಅದರ ಹಿಂದೆ ಇಡಿ. ಮೂಲವನ್ನು ಅಳಿಸಿ ಪರಿವರ್ತನೆ ಒಂದನ್ನೇ ಉಳಿಸಬೇಡಿ. ಇದಕ್ಕೆ ಹೆಚ್ಚು ಸಮಯ ಬೇಕು, ಸರತಿಯಲ್ಲಿ ಜನ ನಿಂತಿರುತ್ತಾರೆ ಎಂದು ನೀವು ಹೇಳಬಹುದು. ಒಂದು ಸಾಲಿಗೆ ಐದಾರು ಪದ ಹೆಚ್ಚಾಗುತ್ತದೆ. ರೂಪಾಯಿಗೆ ಅಷ್ಟು ಪದ ನೀವು ಎಂದೂ ಉಳಿಸಿದವರಲ್ಲ.

ನಾಳೆ ಬೆಳಿಗ್ಗೆ ಬರೆಯುವ ಮೊದಲ ಪತ್ರದ ಷೆಡ್ಯೂಲಿನಲ್ಲಿ ಹೀಗೊಂದು ಸಾಲು ಬರಲಿ: ‘ವಿಸ್ತೀರ್ಣ 2 ಎಕರೆ 20 ಸೆಂಟ್ಸ್ (ಎರಡು ಎಕರೆ ಇಪ್ಪತ್ತು ಸೆಂಟ್ಸ್ ಮಾತ್ರ), ಅಂದರೆ 2 ಎಕರೆ 8 ಗುಂಟೆ.’


ನೀಲಗುಂದದ ಒಬ್ಬ ಪಹಣಿದಾರ